ಸುಟ್ಟ ಕಲೆ ಮಣಿಕಟ್ಟನ್ನು ಬಿಗಿದಿದ್ದರೆ ಕಾಯಬೇಡಿ
ಬಿಸಿ ಎಣ್ಣೆ ಬಿದ್ದ ಜಾಗದಲ್ಲಿ ಅಮ್ಮನಿಗೆ ಕಲೆ ದಪ್ಪಗಾಗಿ ತುರಿಸುತ್ತದೆ, ಮಣಿಕಟ್ಟು ಪೂರ್ತಿ ಬಾಗುವುದಿಲ್ಲ ಎಂದು ಕೇಳಿದ್ದೀರಿ. ತುರಿಕೆಗಿಂತ ನನಗೆ ಆ ಮಣಿಕಟ್ಟಿನದ್ದೇ ಚಿಂತೆ. ಕಲೆಯಲ್ಲಿ ಕೊಲಾಜೆನ್ (ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನ್) ಎಳೆಗಳು ಒತ್ತಾಗಿ ಬೆಳೆದು ಕುಗ್ಗುತ್ತವೆ. ಕೀಲಿನ ಮೇಲಿದ್ದರೆ ಕೀಲನ್ನೇ ಎಳೆದು ಹಿಡಿಯುತ್ತವೆ. ಸುಮ್ನೆ ಕಾಯಬೇಡಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ಈ ವಾರವೇ ತೋರಿಸಿ, ಫಿಸಿಯೋಥೆರಪಿ ಬೇಗ ಶುರುವಾಗಲಿ. ಉಡುಪಿಯಿಂದ ದೂರವೇನಿಲ್ಲ ಅಲ್ವಾ?

ಗಾಯ ಪೂರ್ತಿ ಮುಚ್ಚಿದ್ದರೆ ಕಲೆಯ ಮೇಲೆ ಸಿಲಿಕೋನ್ ಶೀಟ್ (ಚರ್ಮಕ್ಕೆ ಅಂಟುವ ಮೆತ್ತನೆಯ ಹಾಳೆ) ಹಾಕಬಹುದು. ದಿನಕ್ಕೆ 12 ಗಂಟೆಗಿಂತ ಜಾಸ್ತಿ, 2–3 ತಿಂಗಳಾದರೂ ಬೇಕು. ನಮ್ಮ ಕರಾವಳಿಯ ಸೆಕೆಗೆ ಅದರಡಿ ಬೆವರಿ ಗುಳ್ಳೆ ಏಳಬಹುದು, ದಿನಾ ತೆಗೆದು ತೊಳೆದು ಒಣಗಿಸಿ. ನಿಂಬೆರಸ ಮಾತ್ರ ಹಚ್ಚಲೇಬೇಡಿ. ಕಲೆ ಗಾಯದ ಅಂಚು ದಾಟಿ ಬೆಳೆಯುತ್ತಿದ್ದರೆ ಕೀಲಾಯ್ಡ್ ಇರಬಹುದು, ಅದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ.