ಸಂಪಾದಕರ ಉತ್ತರ: ಪ್ಯೋಂಗ್ಯಾಂಗ್ ವೇದಿಕೆ ಮತ್ತು ವಾದಕರ ಹೊಣೆ

ಮಾನ್ಯರೇ,

ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ 2008ರ ಫೆಬ್ರವರಿ 26ರಂದು ಉತ್ತರ ಕೊರಿಯಾದ ರಾಜಧಾನಿ ಪ್ಯೋಂಗ್ಯಾಂಗ್‌ನಲ್ಲಿ ನೀಡಿದ ಕಛೇರಿಯನ್ನು ಕುರಿತು ನಮ್ಮ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ನೀವು ಬರೆದ ಪತ್ರವನ್ನು ಗಮನವಿಟ್ಟು ಓದಿದ್ದೇನೆ. ಲೇಖನವು ಆ ಪ್ರವಾಸವನ್ನು ಮೆಚ್ಚಿಕೊಂಡದ್ದು ನಿಮಗೆ ಸರಿಕಂಡಿಲ್ಲ. ಸಭಾಂಗಣದಲ್ಲಿ ಕುಳಿತವರೆಲ್ಲ ಆಡಳಿತವೇ ಆರಿಸಿ ಕಳುಹಿಸಿದವರು; ಇಟಲಿಯ ಆರ್ಕೆಸ್ಟ್ರಾ ನಿರ್ದೇಶಕ (ಕಂಡಕ್ಟರ್) ತೋಸ್ಕಾನಿನಿ, ಸ್ಪೇನಿನ ಚೆಲ್ಲೋ ವಾದಕ ಪ್ಯಾಬ್ಲೋ ಕಸಾಲ್ಸ್ ಅವರಂಥ ಹಿರಿಯರು ಸರ್ವಾಧಿಕಾರಿಗಳ ವೇದಿಕೆಯನ್ನು ನಿರಾಕರಿಸಿ ಹಾಕಿಕೊಟ್ಟ ದಾರಿ ಕಣ್ಣೆದುರಿಗೇ ಇತ್ತು; 'ನಾನು ಬರೀ ನುಡಿಸುವವನು' ಎನ್ನುವ ವಾದಕ ತನ್ನ ಹೊಣೆಯಿಂದ ನುಣುಚಿಕೊಳ್ಳುತ್ತಾನೆ ಎಂದು ನೀವು ವಾದಿಸಿದ್ದೀರಿ. ಅಂಥ ಆಹ್ವಾನ ನಾಳೆ ಬಂದರೆ ಆರ್ಕೆಸ್ಟ್ರಾದ ಒಬ್ಬ ಸಾಮಾನ್ಯ ವಾದಕನಿಗೆ ಏನು ಹೇಳುತ್ತೀರಿ ಎಂದು ಕೊನೆಯಲ್ಲಿ ನನ್ನನ್ನೇ ಕೇಳಿದ್ದೀರಿ. ಈ ಪ್ರಶ್ನೆಗೆ ಒಂದೆರಡು ಸಾಲಿನಲ್ಲಿ ಉತ್ತರಿಸಿದರೆ ನಿಮ್ಮ ಪತ್ರಕ್ಕೂ ವಿಷಯಕ್ಕೂ ನ್ಯಾಯ ಸಲ್ಲುವುದಿಲ್ಲ.

ಅವರು ಹೋದದ್ದು ಸರಿ ಎಂದೇ ನಾನು ನಂಬಿದ್ದೇನೆ. ಆದರೆ ಸಾಮಾನ್ಯವಾಗಿ ಹೇಳುವ ಕಾರಣಕ್ಕಾಗಿ ಅಲ್ಲ. ಸಂಗೀತಕ್ಕೆ ಗಡಿಯಿಲ್ಲ ಎಂಬ ಮಾತನ್ನು ಇಂಥ ಸಂದರ್ಭಗಳಲ್ಲೆಲ್ಲ ಯಾರಾದರೂ ಆಡುತ್ತಾರೆ, ಅದು ನಿಜವಲ್ಲ. ಉತ್ತರ ಕೊರಿಯಾದಲ್ಲಿ ಮಾರಾಟವಾಗುವ ರೇಡಿಯೊಗಳನ್ನು ಸರ್ಕಾರಿ ಕೇಂದ್ರಗಳಿಗಷ್ಟೇ ಹೊಂದಿಸಿ ಬಿಗಿದಿರುತ್ತಾರೆ, ಹೊರಗಿನ ಕೇಂದ್ರಗಳನ್ನು ಕದ್ದು ಕೇಳುವುದು ಶಿಕ್ಷಾರ್ಹ ಅಪರಾಧ. ಅಲ್ಲಿ ಸಂಗೀತಕ್ಕೂ ಗಡಿಯಿದೆ, ಆ ಗಡಿಗೆ ಕಾವಲೂ ಇದೆ. ಹಾಗಿರುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಹೋದವರು ನುಡಿಸಿದ್ದು ಆ ಕಾವಲನ್ನು ದಾಟಿ ಯಾರನ್ನಾದರೂ ತಲುಪಿತೇ, ಅಥವಾ ಗಣ್ಯರ ಸಭಾಂಗಣದಲ್ಲೇ ಮುಗಿದುಹೋಯಿತೇ?

ನಿಮ್ಮ ಮೊದಲ ಆಕ್ಷೇಪಕ್ಕೆ ಉತ್ತರ ಇಲ್ಲಿಯೇ ಇದೆ. ಪೂರ್ವ ಪ್ಯೋಂಗ್ಯಾಂಗ್ ಮಹಾರಂಗಮಂದಿರದಲ್ಲಿ ಆ ಸಂಜೆ ಕುಳಿತವರು ಆರಿಸಿ ಕರೆತಂದವರೇ ಎಂಬುದರಲ್ಲಿ ನನಗೂ ಸಂದೇಹವಿಲ್ಲ. ಕಪ್ಪು ಸೂಟಿನ ಮೇಲೆ ನಾಯಕನ ಚಿತ್ರದ ಬಿಲ್ಲೆ ಧರಿಸಿದ ಗಂಡಸರೂ ಸಾಂಪ್ರದಾಯಿಕ ಉಡುಪಿನ ಹೆಂಗಸರೂ ತುಂಬಿದ್ದ ಆ ಸಭೆಗೆ ಟಿಕೆಟ್ ಕೊಂಡು ಬಂದ ಬಡಗಿಯೋ ರೈತನೋ ಇರಲಿಲ್ಲ. ಆರ್ಕೆಸ್ಟ್ರಾದ ಆಡಳಿತಕ್ಕೆ ಇದು ಮೊದಲೇ ತಿಳಿದಿತ್ತು. 2007ರ ಆಗಸ್ಟ್‌ನಲ್ಲಿ ಆಹ್ವಾನ ಬಂದ ಮೇಲೆ, ಆಗ ಅದರ ಅಧ್ಯಕ್ಷರಾಗಿದ್ದ ಝರೀನ್ ಮೆಹ್ತಾ ಅವರ ತಂಡ ಕೆಲವು ಷರತ್ತುಗಳನ್ನು ಮುಂದಿಟ್ಟಿತು: ಕಛೇರಿ ಇಡೀ ದೇಶಕ್ಕೆ ಪ್ರಸಾರವಾಗಬೇಕು, ವಿದೇಶಿ ಪತ್ರಕರ್ತರಿಗೆ ಪ್ರವೇಶವಿರಬೇಕು, ಸಭಾಂಗಣದ ಧ್ವನಿವ್ಯವಸ್ಥೆ ಸರಿಹೋಗಬೇಕು, ಆರ್ಕೆಸ್ಟ್ರಾದಲ್ಲಿರುವ ಕೊರಿಯನ್ ಮೂಲದ ವಾದಕರಿಗೆ ಯಾವ ತೊಂದರೆಯೂ ಆಗಬಾರದು. ಆಡಳಿತ ಇವನ್ನು ಒಪ್ಪಿತು, ಕಛೇರಿ ಸರ್ಕಾರಿ ದೂರದರ್ಶನ ಮತ್ತು ರೇಡಿಯೊಗಳಲ್ಲಿ ನೇರವಾಗಿ ಪ್ರಸಾರವಾಯಿತು.

ಈ ಪ್ರಸಾರದ ಷರತ್ತನ್ನು ನಾವು ಸಣ್ಣದೆಂದು ಭಾವಿಸಬಾರದು. ಬೇರೆ ಕೇಂದ್ರವೇ ಸಿಗದಂತೆ ಬಿಗಿದ ರೇಡಿಯೊದಲ್ಲಿ, ಬಿಗಿದವರ ಒಪ್ಪಿಗೆಯಿಂದಲೇ, ಅಮೆರಿಕದ ರಾಷ್ಟ್ರಗೀತೆ ಕೇಳಿಬಂತು. ದಶಕಗಳಿಂದ ಆ ದೇಶವನ್ನು ಶಾಲೆಯ ಪಾಠಗಳಲ್ಲಿ, ಗೋಡೆಚಿತ್ರಗಳಲ್ಲಿ ರಕ್ಕಸನಂತೆ ತೋರಿಸುತ್ತ ಬಂದ ಆಡಳಿತವು ಎರಡೂ ದೇಶಗಳ ಧ್ವಜಗಳನ್ನು ವೇದಿಕೆಯ ಇಕ್ಕೆಲಗಳಲ್ಲಿ ನಿಲ್ಲಿಸಿತು. ಸಭಿಕರು ಎರಡೂ ದೇಶಗಳ ರಾಷ್ಟ್ರಗೀತೆಗಳಿಗೆ ಎದ್ದು ನಿಂತರು. ಮನೆಯಲ್ಲಿ ಕುಳಿತು ಕೇಳಿದ ಒಬ್ಬ ಹುಡುಗನ ಮನಸ್ಸಿನಲ್ಲಿ ಏನಾಯಿತೆಂದು ನನಗೆ ಹೇಳಲು ಬರುವುದಿಲ್ಲ, ಆಡಳಿತಕ್ಕೂ ಹೇಳಲು ಬರುವುದಿಲ್ಲ. ಎಲ್ಲವನ್ನೂ ಅಳೆದು ಬಡಿಸುವ ವ್ಯವಸ್ಥೆಯಲ್ಲಿ ಅದಕ್ಕೆ ಲೆಕ್ಕ ಸಿಗದ ಇಂಥದೊಂದು ಉಳಿಯುವುದೇ ನನಗೆ ಮುಖ್ಯ. ಪ್ರಸಾರವಿಲ್ಲದೆ ಅದೇ ಕೃತಿಗಳನ್ನು ಅದೇ ಸಭಾಂಗಣದಲ್ಲಿ ನುಡಿಸಿ ಬಂದಿದ್ದರೆ ನಿಮ್ಮ ಆಕ್ಷೇಪಕ್ಕೆ ನಾನೂ ಸಹಿ ಹಾಕುತ್ತಿದ್ದೆ.

ತೋಸ್ಕಾನಿನಿ ಮತ್ತು ಕಸಾಲ್ಸ್ ಅವರ ಮಾತಿಗೆ ಬರೋಣ. ಇಬ್ಬರ ಬಗೆಗೂ ನಿಮಗಿರುವ ಗೌರವ ನನಗೂ ಇದೆ. 1931ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಫ್ಯಾಸಿಸ್ಟರ ಗೀತೆಯನ್ನು ನುಡಿಸಲು ಒಪ್ಪದೆ ತೋಸ್ಕಾನಿನಿ ಗೂಂಡಾಗಳಿಂದ ಹೊಡೆತ ತಿಂದರು. 1933ರಲ್ಲಿ ಜರ್ಮನಿಯ ಬೈರಾಯ್ಟ್ ಸಂಗೀತೋತ್ಸವದಿಂದ ಹಿಂದೆ ಸರಿದರು, ಹಿಟ್ಲರನೇ ಬರೆದ ಪತ್ರವೂ ಅವರ ಮನಸ್ಸನ್ನು ಬದಲಿಸಲಿಲ್ಲ. ಕಸಾಲ್ಸ್ ಹಿಟ್ಲರನ ಜರ್ಮನಿಯಲ್ಲಿ ನುಡಿಸಲಿಲ್ಲ. ಸ್ಪೇನಿನ ಅಂತರ್ಯುದ್ಧದಲ್ಲಿ ಸರ್ವಾಧಿಕಾರಿ ಫ್ರಾಂಕೊ ಗೆದ್ದ ಮೇಲೆ ಆ ದೇಶದ ಗಡಿಗೆ ಹತ್ತಿರವಿದ್ದ ಫ್ರಾನ್ಸಿನ ಪ್ರಾಡ್ ಎಂಬ ಊರಿನಲ್ಲಿ ನೆಲೆಸಿದರು. ಮಹಾಯುದ್ಧ ಮುಗಿದ ನಂತರವೂ ಫ್ರಾಂಕೊನನ್ನು ಸಹಿಸಿಕೊಂಡ ದೇಶಗಳಲ್ಲಿ ಕಛೇರಿ ಕೊಡುವುದನ್ನೇ ನಿಲ್ಲಿಸಿಬಿಟ್ಟರು. ಆದರೆ ಈ ನಿರಾಕರಣೆಗಳು ಯಾರಿಗೆ ಕೇಳಿಸಿದವು ಎಂಬುದನ್ನು ನೋಡಿ. ಬೈರಾಯ್ಟ್‌ನಲ್ಲಿ ತೋಸ್ಕಾನಿನಿ 1930ರಲ್ಲೂ 1931ರಲ್ಲೂ ಆರ್ಕೆಸ್ಟ್ರಾವನ್ನು ನಡೆಸಿದ್ದರು. ಅವರು ಬರಲಿಲ್ಲವೆಂದರೆ ಅಲ್ಲಿನ ಪ್ರತಿಯೊಬ್ಬ ಶ್ರೋತೃವಿಗೂ ಏಕೆಂದು ತಿಳಿಯುತ್ತಿತ್ತು. ಕಸಾಲ್ಸ್ ಸ್ಪೇನಿನವರೇ ಆಗಿದ್ದರು, ಅವರ ಮೌನದ ಅರ್ಥ ಅವರ ಜನಕ್ಕೆ ಗೊತ್ತಿತ್ತು. ಕಾಯುತ್ತಿದ್ದವರಿಗಷ್ಟೇ ಒಬ್ಬರು ಬಾರದಿರುವುದು ಅರಿವಾಗುತ್ತದೆ. ನ್ಯೂಯಾರ್ಕಿನವರು 2007ರ ಆಹ್ವಾನವನ್ನು ತಿರಸ್ಕರಿಸಿದ್ದರೆ ಅಮೆರಿಕದ ಪತ್ರಿಕೆಗಳು ಹೊಗಳುತ್ತಿದ್ದವು, ಉತ್ತರ ಕೊರಿಯಾದ ಸಾಮಾನ್ಯನಿಗೆ ಅಂಥದೊಂದು ಆಹ್ವಾನ ಹೋಗಿತ್ತೆಂಬ ಸುದ್ದಿಯೂ ಮುಟ್ಟುತ್ತಿರಲಿಲ್ಲ. ನಿರಾಕರಣೆಯನ್ನು ಕೇಳಿಸಿಕೊಳ್ಳಬೇಕಾದವರಿಗೇ ಅದು ಕೇಳಿಸದಿದ್ದಾಗ, ಅದರಿಂದ ನಿರಾಕರಿಸಿದವನ ಮನಸ್ಸಿಗೆ ಸಮಾಧಾನ ದೊರೆಯುವುದನ್ನು ಬಿಟ್ಟು ಬೇರೇನು ಆಗುತ್ತದೆ?

ನನ್ನ ವಾದಕ್ಕೆ ನಿಜವಾಗಿ ತೊಡಕಾಗುವ ಉದಾಹರಣೆಯೊಂದಿದೆ, ಅದು ನಿಮ್ಮ ಪತ್ರದಲ್ಲಿಲ್ಲ. 1959ರಲ್ಲಿ ಇದೇ ಆರ್ಕೆಸ್ಟ್ರಾ ಲಿಯೊನಾರ್ಡ್ ಬರ್ನ್‌ಸ್ಟೀನ್ ಅವರ ನೇತೃತ್ವದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿತ್ತು. ಅಲ್ಲಿ ಬಹುಕಾಲ ಕೇಳಿಬರದಿದ್ದ, ರಷ್ಯಾದಲ್ಲೇ ಹುಟ್ಟಿದ ಸಂಯೋಜಕ ಸ್ಟ್ರಾವಿನ್‌ಸ್ಕಿ ಅವರ ಕೃತಿಗಳನ್ನು ಅವರು ನುಡಿಸಿದರು, ಬರ್ನ್‌ಸ್ಟೀನ್ ವೇದಿಕೆಯಿಂದಲೇ ಸಭಿಕರನ್ನುದ್ದೇಶಿಸಿ ಮಾತನಾಡಿದರು. ಹಿಂದಿನ ವರ್ಷವಷ್ಟೇ ಒತ್ತಡಕ್ಕೆ ಸಿಲುಕಿ ನೊಬೆಲ್ ಪ್ರಶಸ್ತಿಯನ್ನು ಬಿಟ್ಟುಕೊಡಬೇಕಾಗಿ ಬಂದಿದ್ದ ಸಾಹಿತಿ ಬೋರಿಸ್ ಪಾಸ್ಟರ್ನಾಕ್ ಅವರನ್ನು ಅವರು ಮಾಸ್ಕೋದ ಕಛೇರಿಗೆ ಆಹ್ವಾನಿಸಿದರು, ಪಾಸ್ಟರ್ನಾಕ್ ಬಂದರು. ಪ್ಯೋಂಗ್ಯಾಂಗ್‌ನಲ್ಲಿ ಹೀಗೆ ಆಹ್ವಾನಿಸಲು ಯಾರಿದ್ದರು? ಆಡಳಿತದ ಕೋಪಕ್ಕೆ ಗುರಿಯಾಗಿಯೂ ಮನೆಯಲ್ಲಿ ವಾಸಿಸುತ್ತಿರುವ, ಹೆಸರು ಹಿಡಿದು ಕರೆಯಬಹುದಾದ ಒಬ್ಬ ಸಾಹಿತಿಯೂ ಅಲ್ಲಿರಲಿಲ್ಲ. ವಿಶ್ವಸಂಸ್ಥೆಯ ತನಿಖಾ ಆಯೋಗವು 2014ರಲ್ಲಿ ಅಂದಾಜಿಸಿದ ಪ್ರಕಾರ ಅಲ್ಲಿನ ರಾಜಕೀಯ ಸೆರೆಶಿಬಿರಗಳಲ್ಲಿದ್ದವರು 80,000ದಿಂದ 1,20,000 ಮಂದಿ. ಸೋವಿಯತ್ ಪ್ರವಾಸಗಳನ್ನು ತೋರಿಸಿ ಪ್ಯೋಂಗ್ಯಾಂಗ್ ಪ್ರವಾಸವನ್ನು ಸಮರ್ಥಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. 1957ರಲ್ಲಿ ಗ್ಲೆನ್ ಗೌಲ್ಡ್ ಮಾಸ್ಕೋದಲ್ಲಿ ಪಿಯಾನೊ ನುಡಿಸಿದಾಗ ಅರೆಬರೆ ತುಂಬಿದ್ದ ಸಭಾಂಗಣ, ವಿರಾಮದ ಹೊತ್ತಿನಲ್ಲಿ ಕೇಳಿದವರು ಗೆಳೆಯರಿಗೆ ಫೋನ್ ಮಾಡಿದ್ದರಿಂದ ಕಿಕ್ಕಿರಿದು ತುಂಬಿತೆಂದು ಹೇಳುತ್ತಾರೆ. ತನಗೆ ಬೇಕೆನಿಸಿದ ಕಛೇರಿಗೆ ಓಡಿಬರುವಷ್ಟು ಸ್ವಾತಂತ್ರ್ಯ ಪ್ಯೋಂಗ್ಯಾಂಗ್‌ನ ನಿವಾಸಿಗೆ ಇರಲಿಲ್ಲ. ಆದ್ದರಿಂದಲೇ ಅಲ್ಲಿ ಪ್ರಸಾರದ ಷರತ್ತಿಗೆ ಅಷ್ಟು ತೂಕ.

ಕೃತಿಗಳ ಆಯ್ಕೆಯ ಬಗ್ಗೆ ನನ್ನದೇ ಒಂದು ಅಸಮಾಧಾನವಿದೆ. ಕಛೇರಿಯಲ್ಲಿ ನುಡಿಸಿದ್ದು ವಾಗ್ನರ್ ಅವರ 'ಲೋಹೆನ್‌ಗ್ರಿನ್' ಆಪೆರಾದ ಮೂರನೆಯ ಅಂಕದ ಪೀಠಿಕೆ, ಡ್ವೋರ್ಜಾಕ್ ಅವರ ಒಂಬತ್ತನೆಯ ಸಿಂಫನಿ, ಗರ್ಶ್‌ವಿನ್ ಅವರ 'ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್'. ಕೊನೆಯ ಎರಡೂ ಇದೇ ಆರ್ಕೆಸ್ಟ್ರಾ 1893ರಲ್ಲಿ ಮತ್ತು 1928ರಲ್ಲಿ ಮೊದಲು ನುಡಿಸಿದ ಕೃತಿಗಳು ಎನ್ನುವುದು ಆಯ್ಕೆಗೆ ಒಳ್ಳೆಯ ಕಾರಣ. ಆದರೂ ಅವರು ಇನ್ನಷ್ಟು ಧೈರ್ಯ ಮಾಡಬಹುದಿತ್ತು, ಅಲ್ಲಿನವರು ಎಂದೂ ಕೇಳಿರದ ಬಗೆಯ ಇಪ್ಪತ್ತನೆಯ ಶತಮಾನದ ರಚನೆಯೊಂದನ್ನು ಒಯ್ಯಬಹುದಿತ್ತು. ಮುಗಿದ ಮೇಲೆ ಸೇರಿಸಿ ನುಡಿಸಿದವುಗಳಲ್ಲೇ ನನ್ನ ಮನಸ್ಸು ನಿಲ್ಲುತ್ತದೆ. ಬರ್ನ್‌ಸ್ಟೀನ್ ಅವರ 'ಕ್ಯಾಂಡೀಡ್' ಪೀಠಿಕೆಯನ್ನು ಈ ಆರ್ಕೆಸ್ಟ್ರಾ ಅವರ ನೆನಪಿನ ಗೌರವಾರ್ಥ ನಿರ್ದೇಶಕರಿಲ್ಲದೆಯೇ ನುಡಿಸುತ್ತದೆ, ಅಲ್ಲಿಯೂ ಹಾಗೆಯೇ ಅಂದಿನ ನಿರ್ದೇಶಕ ಲೋರಿನ್ ಮಾಜೆಲ್ ಅವರಿಲ್ಲದ ವೇದಿಕೆಯ ಮೇಲೆ ವಾದಕರು ಒಬ್ಬರನ್ನೊಬ್ಬರು ಆಲಿಸುತ್ತ ನುಡಿಸಿದರು. ಕೊನೆಗೆ ಬಂದದ್ದು ಉತ್ತರ ಮತ್ತು ದಕ್ಷಿಣ ಕೊರಿಯಾಗಳೆರಡಕ್ಕೂ ಸೇರಿದ ಜಾನಪದ ಹಾಡು 'ಆರಿರಾಂಗ್'. ಆಗ ಸಭಿಕರು ಕೈಬೀಸಿದರು, ವಾದಕರೂ ಕೈಬೀಸಿದರು, ಕೆಲವರ ಕಣ್ಣು ತುಂಬಿತ್ತು. ಆ ಕಣ್ಣೀರಿನಿಂದ ರಾಜಕೀಯವಾಗಿ ಏನೂ ಸಾಬೀತಾಗುವುದಿಲ್ಲ ಎಂಬ ನಿಮ್ಮ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. 2009ರ ಮೇ ತಿಂಗಳಲ್ಲಿ ಆ ದೇಶ ಎರಡನೆಯ ಬಾರಿ ಅಣ್ವಸ್ತ್ರ ಪರೀಕ್ಷೆ ನಡೆಸಿತು. 2017ರಿಂದ ಅಮೆರಿಕವು ತನ್ನ ಪ್ರಜೆಗಳು ವಿಶೇಷ ಅನುಮತಿಯಿಲ್ಲದೆ ಅಲ್ಲಿಗೆ ಹೋಗುವುದನ್ನೇ ನಿಷೇಧಿಸಿದೆ. ಕಛೇರಿಯಿಂದ ಶಾಂತಿ ಹತ್ತಿರವಾಯಿತೆಂದು ಆಗ ಬರೆದವರು ಅದರ ಮೇಲೆ ಹೊರಲಾರದ ಭಾರ ಹೊರಿಸಿದ್ದರು.

ಮರುದಿನ ನಡೆದದ್ದು ಇದಕ್ಕಿಂತ ಸಣ್ಣದು, ಆದರೆ ವಾದಕರ ಮಟ್ಟಿಗೆ ಹೆಚ್ಚು ನಿಜವಾದದ್ದು ಎಂದು ನನಗನಿಸುತ್ತದೆ. ನ್ಯೂಯಾರ್ಕಿನ ಕೆಲವು ವಾದಕರು ಸ್ಥಳೀಯ ವಾದಕರೊಡನೆ ಕುಳಿತು ಮೆಂಡೆಲ್ಸನ್ ಅವರ ಆಕ್ಟೆಟ್ ನುಡಿಸಿದರು. ಎಂಟು ತಂತಿವಾದ್ಯಗಳ ಆ ರಚನೆಯಲ್ಲಿ ನಿರ್ದೇಶಕನಿರುವುದಿಲ್ಲ; ಪಕ್ಕದವರ ಕಮಾನು ತಂತಿಯನ್ನು ಮುಟ್ಟುವ ಕ್ಷಣವನ್ನು ಗಮನಿಸದೆ ಒಂದು ಸಾಲನ್ನೂ ಸೇರಿ ನುಡಿಸಲಾಗದು. ಪರಸ್ಪರ ಮುಕ್ತವಾಗಿ ಒಂದು ವಾಕ್ಯ ಮಾತನಾಡುವುದೂ ಅಪಾಯವಾಗಿದ್ದ ಜಾಗದಲ್ಲಿ ಎರಡು ದೇಶಗಳ ವಾದಕರು ಸಮಾನರಾಗಿ ಒಂದೇ ಕೆಲಸವನ್ನು ಒಟ್ಟಿಗೆ ಮಾಡಿದರು. ಆ ಅಪಾಯ ಅತಿಥಿಗಳದಲ್ಲ, ಆತಿಥೇಯರದು. ಆ ಕೊಠಡಿಯಲ್ಲಿ ಅತಿಥಿಯೊಬ್ಬ ತನ್ನ ಧೈರ್ಯವನ್ನು ಮೆರೆಯಲು ಪ್ರಶ್ನೆಯೊಂದನ್ನು ಎಸೆದು ವಿಮಾನ ಹತ್ತಿದ್ದರೆ ಅದರ ಬೆಲೆಯನ್ನು ತೆರಬೇಕಾಗುತ್ತಿದ್ದುದು ಪಕ್ಕದ ಕುರ್ಚಿಯ ಸ್ಥಳೀಯ ಪಿಟೀಲುವಾದಕ. ವಾದಕರು ಅಲ್ಲಿ ಬಾಯಿ ಬಿಡಲಿಲ್ಲವೆಂದು ನೀವು ದೂರುತ್ತೀರಿ, ನನಗಾದರೋ ಆ ಸಂಯಮವೇ ಅವರ ಹೊಣೆಗಾರಿಕೆಯಾಗಿ ಕಾಣುತ್ತದೆ. ಊರಿಗೆ ಮರಳಿದ ಮೇಲೂ ಮೌನವಾಗಿದ್ದರೆ ಮಾತ್ರ ಅದು ತಪ್ಪಾಗುತ್ತದೆ.

'ಬರೀ ನುಡಿಸುವವನು' ಎಂಬ ಮಾತನ್ನು ನೀವು ಖಂಡಿಸಿದ್ದು ಸರಿ, ಆದರೆ ಅದರೊಳಗೆ ಒಂದು ಸತ್ಯವೂ ಇದೆ. ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ಕುಳಿತ ವಾದಕ ಊರನ್ನು ಆರಿಸುವುದಿಲ್ಲ, ಕೃತಿಯನ್ನು ಆರಿಸುವುದಿಲ್ಲ, ಆಹ್ವಾನಕ್ಕೆ ಉತ್ತರ ಬರೆಯುವುದಿಲ್ಲ. ತೋಸ್ಕಾನಿನಿ ಬಾರದಿದ್ದರೆ ಅದು ಸುದ್ದಿ. ಎರಡನೆಯ ಪಿಟೀಲು ವಿಭಾಗದ ವಾದಕನೊಬ್ಬ ಬಾರದಿದ್ದರೆ ಆ ಕುರ್ಚಿಯಲ್ಲಿ ಬದಲಿ ವಾದಕ ಕೂರುತ್ತಾನೆ. ಹಾಗಾಗಿ ಮಹಾನ್ ನಿರ್ದೇಶಕರ ಅಳತೆಗೋಲಿನಿಂದ ಅವನನ್ನು ಅಳೆಯುವುದು ಅನ್ಯಾಯ. ಅವನ ಹೊಣೆ ಬೇರೆ ಜಾಗದಲ್ಲಿದೆ: ಹೊರಡುವ ಮೊದಲು ಸಂಸ್ಥೆಯ ಸಭೆಯಲ್ಲಿ ಎದ್ದು ನಿಂತು ಕೇಳುವುದರಲ್ಲಿ.

ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇದು. ಅಂಥ ವಾದಕ ನನ್ನ ಬಳಿ ಬಂದರೆ, ಪ್ರಸಾರಕ್ಕೆ ಲಿಖಿತ ಒಪ್ಪಿಗೆ ಇದೆಯೇ ಎಂದು ಮೊದಲು ವಿಚಾರಿಸು ಎನ್ನುತ್ತೇನೆ. ಕೃತಿಗಳನ್ನು ಯಾರು ಆರಿಸಿದರು, ಯಾವುದನ್ನಾದರೂ ಆತಿಥೇಯರು ಕೈಬಿಡಿಸಿದರೇ, ಪತ್ರಕರ್ತರು ಜೊತೆಗಿರುತ್ತಾರೆಯೇ, ಸ್ಥಳೀಯ ವಾದಕರೊಡನೆ ಕುಳಿತು ನುಡಿಸಲು ಅವಕಾಶವಿದೆಯೇ ಎಂದು ವಿಚಾರಿಸು ಎನ್ನುತ್ತೇನೆ. ಇವಕ್ಕೆ ಸರಿಯಾದ ಉತ್ತರ ಸಿಕ್ಕರೆ ಹೋಗು. ಸಿಗದಿದ್ದರೆ ಹೋಗಬೇಡ, ಏಕೆ ಹೋಗಲಿಲ್ಲವೆಂದು ಹೆಸರು ಹಾಕಿ ಬರೆ. ಇನ್ನೊಂದು ಷರತ್ತನ್ನು ಆರ್ಕೆಸ್ಟ್ರಾಗಳೇ ಪ್ರವಾಸದ ಒಪ್ಪಂದದಲ್ಲಿ ಸೇರಿಸಬೇಕೆಂದು ಆಶಿಸುತ್ತೇನೆ: ಮನಸ್ಸು ಒಪ್ಪದ ವಾದಕ ಸಂಬಳಕ್ಕಾಗಲಿ ಸ್ಥಾನಕ್ಕಾಗಲಿ ಧಕ್ಕೆಯಿಲ್ಲದೆ ಹಿಂದುಳಿಯುವ ಹಕ್ಕು. ಗಡಿಯಿಂದ ಇಬ್ಭಾಗವಾದ ಕುಟುಂಬದ ಕೊರಿಯನ್ ಮೂಲದ ವಾದಕನಿಗೆ ಆ ಪ್ರವಾಸ ಉಳಿದವರಿಗಿಂತ ಬೇರೆಯೇ ಆಗಿರುತ್ತದೆ, ಹೋಗಬೇಕೋ ಬೇಡವೋ ಎಂಬುದನ್ನು ಅವನ ಪರವಾಗಿ ನೀವಾಗಲಿ ನಾನಾಗಲಿ ತೀರ್ಮಾನಿಸಲಾಗದು.

ನಿಮ್ಮ ಪತ್ರವನ್ನು ಒಂದು ಪದವನ್ನೂ ಕತ್ತರಿಸದೆ ಇದೇ ಪುಟದಲ್ಲಿ ಪ್ರಕಟಿಸಿದ್ದೇವೆ. ನೀವು ಒಪ್ಪದ ಲೇಖನವನ್ನು ಓದಿದವರು ನಿಮ್ಮ ವಾದವನ್ನೂ ಪೂರ್ತಿಯಾಗಿ ಓದಲಿ ಎಂಬುದು ನಮ್ಮ ಇಚ್ಛೆ.

— ಸಂಪಾದಕ