ಮತಪತ್ರ ಗೊಂದಲವಾಗಿ ಮತ ಕೆಟ್ಟರೆ ಆಮೇಲೆ ಸರಿಪಡಿಸಬಹುದೇ?

ಮತಪತ್ರವೇ ಗಲಿಬಿಲಿ ಹುಟ್ಟಿಸುವಂತಿದ್ದು ಜನ ತಪ್ಪು ಕಡೆ ಗುರುತು ಹಾಕಿದರೆ ಎಣಿಕೆಯಲ್ಲಿ ಅದನ್ನು ಸರಿಮಾಡಲು ಬರುತ್ತದೆಯೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಬರುವುದಿಲ್ಲ. ಮತದಾನ ಗುಟ್ಟಿನದು, ಪೆಟ್ಟಿಗೆಗೆ ಬಿದ್ದ ಚೀಟಿ ಯಾರದೆಂದು ಹುಡುಕಿ ‘ನಿಮ್ಮ ಮನಸ್ಸಿನಲ್ಲಿ ಯಾರಿದ್ದರು?’ ಎಂದು ಕೇಳುವಂತಿಲ್ಲ. ಮಾಡುವುದೇನಿದ್ದರೂ ಅದಕ್ಕೆ ಮೊದಲೇ ಮಾಡಬೇಕು.

2000ದ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲೋರಿಡಾದ ಪಾಮ್ ಬೀಚ್ ಕೌಂಟಿಯ ಮತಪತ್ರ ನೋಡಿ. ವಯಸ್ಸಾದವರಿಗೆ ಓದಲು ಅನುಕೂಲವಾಗಲೆಂದು ಅಕ್ಷರ ದೊಡ್ಡದು ಮಾಡಿದರು. ಹೆಸರುಗಳು ಒಂದು ಪುಟದಲ್ಲಿ ಹಿಡಿಸದೆ ಎಡಬಲ ಎರಡೂ ಪುಟಗಳಿಗೆ ಹರಡಿದವು, ಮತ ಹಾಕಲು ತೂತು ಮಾಡುವ ಸಾಲು ಮಾತ್ರ ನಡುವೆ ಒಂದೇ. ಎಡಪುಟದಲ್ಲಿ ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್ ಎರಡನೆಯವರು, ಆದರೆ ಅವರ ತೂತು ಮೂರನೆಯದು. ಎರಡನೆಯ ತೂತು ಬಲಪುಟದಲ್ಲಿದ್ದ ರಿಫಾರ್ಮ್ ಪಕ್ಷದ ಪ್ಯಾಟ್ ಬ್ಯುಕ್ಯಾನನ್ ಅವರದು. ತಪ್ಪು ತಿಳಿದ ಎಷ್ಟೋ ಜನ ಎರಡನ್ನೂ ಒತ್ತಿದರು. ಒಬ್ಬರಿಗಿಂತ ಹೆಚ್ಚು ಮಂದಿಗೆ ಮತ ಹಾಕಿದ ಕಾರಣಕ್ಕೆ ಅಲ್ಲಿ 19 ಸಾವಿರಕ್ಕೂ ಹೆಚ್ಚು ಮತಗಳು ಅಸಿಂಧುವಾದವು. ಇಡೀ ರಾಜ್ಯದಲ್ಲಿ ಗೋರ್ ಅವರ ಎದುರಾಳಿ, ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಗೆದ್ದ ಅಂತರ ಬರೀ 537 ಮತ. ಮರುಮತದಾನ ಕೇಳಿದವರಿಗೆ ಕೋರ್ಟಿನಲ್ಲೂ ಪರಿಹಾರ ಸಿಗಲಿಲ್ಲ.

ಹಾಗಾಗಿ ಮೊದಲ ಕೆಲಸ ವಿನ್ಯಾಸದ ಪರೀಕ್ಷೆ. ಕಂಪ್ಯೂಟರ್ ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಡಬೇಡಿ. ನಿಜವಾದ ಅಳತೆಯಲ್ಲಿ ಮುದ್ರಿಸಿ, ಚುನಾವಣೆ ಕೆಲಸದ ಗಂಧವೇ ಇಲ್ಲದ ಹತ್ತು ಹದಿನೈದು ಜನರ ಕೈಗೆ ಕೊಡಿ. ವಯಸ್ಸಾದವರು, ನಿಧಾನವಾಗಿ ಓದುವವರು ಅದರಲ್ಲಿರಲಿ. ‘ಇಂಥವರಿಗೆ ಮತ ಹಾಕಿ’ ಎಂದಷ್ಟೇ ಹೇಳಿ ಸುಮ್ಮನೆ ಕೂತು ಅವರ ಪೆನ್ನು ಎಲ್ಲಿ ತಡವರಿಸುತ್ತದೆ ನೋಡಿ. ಇಬ್ಬರು ಒಂದೇ ಜಾಗದಲ್ಲಿ ತಡವರಿಸಿದರೆ ತಪ್ಪು ಅವರದಲ್ಲ, ಕಾಗದದ್ದು. ಒಂದು ಹುದ್ದೆಯ ಅಭ್ಯರ್ಥಿಗಳೆಲ್ಲ ಒಂದೇ ಕಂಬಸಾಲಿನಲ್ಲಿರಲಿ. ಸೂಚನೆಗಳ ಕೆಳಗೆ ಮೂಲೆಯಲ್ಲಿ ಯಾವ ಹುದ್ದೆಯ ಸ್ಪರ್ಧೆಯನ್ನೂ ತುರುಕಬೇಡಿ, ಜನ ಅದನ್ನು ನೋಡದೆಯೇ ಮುಂದೆ ಹೋಗುತ್ತಾರೆ.

ಎರಡನೆಯದು ಮತಗಟ್ಟೆ. ಗುರುತು ತಪ್ಪಾದರೆ ಪೆಟ್ಟಿಗೆಗೆ ಹಾಕುವ ಮುಂಚೆ ಹಳೆಯ ಚೀಟಿ ಮರಳಿಸಿ ಹೊಸದು ಪಡೆಯುವ ಅವಕಾಶ ಹಲವು ದೇಶಗಳಲ್ಲಿದೆ. ಮತದಾರರಿಗೆ ಅದು ಗೊತ್ತಿರುವುದಿಲ್ಲ, ಗೊತ್ತಿದ್ದರೂ ಕೇಳಲು ಸಂಕೋಚ. ಚೀಟಿ ಕೊಡುವಾಗಲೇ ಸಿಬ್ಬಂದಿ ಒಂದು ಮಾತು ಹೇಳಿಬಿಡಬೇಕು. ಮರಳಿ ಬಂದದ್ದನ್ನು ಬಿಚ್ಚಿ ನೋಡದೆ ರದ್ದು ಮಾಡಿ, ಬೇರೆ ಲಕೋಟೆಗೆ ಹಾಕಿ, ಲೆಕ್ಕದಲ್ಲಿ ಬರೆಯಬೇಕು. ಇಲ್ಲದಿದ್ದರೆ ಸಂಜೆ ಚೀಟಿಗಳ ಸಂಖ್ಯೆ ತಾಳೆಯಾಗುವುದಿಲ್ಲ. ಚೀಟಿ ಓದುವ ಸ್ಕ್ಯಾನರ್ ಯಂತ್ರ ಇರುವ ಕಡೆ, ಎರಡು ಗುರುತಿದ್ದರೆ ಅದು ಅಲ್ಲೇ ಚೀಟಿಯನ್ನು ಹಿಂದಕ್ಕೆ ತಳ್ಳುವಂತೆ ಹೊಂದಿಸಿಡಿ. ಅಂಚೆ ಮತಕ್ಕೆ ಈ ಭಾಗ್ಯವಿಲ್ಲ, ಅದರ ಸೂಚನಾಪತ್ರ ಇನ್ನಷ್ಟು ಸರಳವಾಗಿರಲೇಬೇಕು.

ಮೊಹರು ಒತ್ತುವ ಪದ್ಧತಿಯಲ್ಲಿ ಮಡಿಕೆಯೂ ಮುಖ್ಯ. ಹೆಸರುಗಳು ಒಂದರ ಕೆಳಗೊಂದು ಇದ್ದಾಗ ಮೊದಲು ಉದ್ದಕ್ಕೆ ಮಡಚಿದರೆ ಹಸಿ ಶಾಯಿ ಅದೇ ಅಭ್ಯರ್ಥಿಯ ಸಾಲಿಗೆ ಅಂಟುತ್ತದೆ. ಅಡ್ಡಕ್ಕೆ ಮಡಚಿದರೆ ಇನ್ನೊಬ್ಬರ ಹೆಸರಿನ ಮೇಲೆ ಅಚ್ಚಾಗಿ ಎರಡು ಮತದಂತೆ ಕಾಣುತ್ತದೆ. ಎಣಿಕೆಯವರು ಗಾಬರಿಯಾಗಬೇಕಿಲ್ಲ: ಅಂಟಿದ ಗುರುತು ಮಸುಕಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಮತ್ತೆ ಮಡಚಿದರೆ ಮೂಲ ಗುರುತಿನ ಮೇಲೆ ಸರಿಯಾಗಿ ಕೂರುತ್ತದೆ.

ಉಳಿದ ಅನುಮಾನದ ಚೀಟಿಗಳಿಗೆ, ಟಿಕ್ ಮಾರ್ಕ್, ಗೆರೆ ದಾಟಿದ ಮೊಹರು, ಹೊಡೆದುಹಾಕಿದ ಗುರುತು ಇಂಥವುಗಳಿಗೆ, ಚಿತ್ರಸಹಿತ ನಿಯಮ ಮತದಾನದ ದಿನಕ್ಕೆ ಮೊದಲೇ ಅಚ್ಚಾಗಿ ಎಲ್ಲ ಪಕ್ಷದವರ ಕೈ ಸೇರಿರಬೇಕು. ಅಂತರ ಎಷ್ಟೆಂದು ಗೊತ್ತಾದ ಮೇಲೆ ಬರೆದ ನಿಯಮವನ್ನು ಸೋತವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.