ಲಿಬರ್ಟೇರಿಯನ್ ಅಂದರೆ ಸ್ವಾರ್ಥಿ, ಉಳ್ಳವರ ಪರ ಅನ್ನುತ್ತಾರೆ. ಇದು ಎಷ್ಟು ಸರಿ?

ಲಿಬರ್ಟೇರಿಯನ್ ಅಂದರೆ ಜನರ ಸ್ವಾತಂತ್ರ್ಯ, ಆಸ್ತಿಹಕ್ಕು ಮುಖ್ಯ, ಸರ್ಕಾರದ ಕೈ ಆದಷ್ಟು ಕಮ್ಮಿ ಇರಲಿ ಅನ್ನುವವರು. ಮಣಿಪಾಲದ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್‌ಗಳು ನಿಮ್ಮನ್ನು "ಧಣಿಗಳ ವಕೀಲ" ಅಂತ ಕರೆಯುತ್ತಾರೆ, ಏನು ಉತ್ತರ ಕೊಡಲಿ ಅಂತ ಕೇಳಿದ್ದೀರಿ. ನನಗೂ ಹೆಚ್ಚುಕಮ್ಮಿ ಇದೇ ಮಾತು ಬಂದಿತ್ತು. ನನ್ನ ವಿಷಯದಲ್ಲಿ ಅದು ಸರಿಯಾಗಿಯೇ ಇತ್ತು.

ಮಂಗಳೂರಿನಲ್ಲಿ ಓದುವಾಗ ನಾನು ಮುಕ್ತ ಮಾರುಕಟ್ಟೆಯ ಅರ್ಥಶಾಸ್ತ್ರಜ್ಞರಾದ ಹಯೆಕ್, ಫ್ರೀಡ್ಮನ್ ಅಂತ ಹಗಲೂ ರಾತ್ರಿ ಓದುತ್ತಿದ್ದೆ. ಓದು ಮುಗಿದ ಮೇಲೆ ಗೆಳೆಯನೊಬ್ಬನ ಜೊತೆ ಪಾಲಿನಲ್ಲಿ ಹಂಪನಕಟ್ಟೆ ಹತ್ತಿರ ಪ್ರಿಂಟಿಂಗ್ ಅಂಗಡಿ ಹಾಕಿದೆ. ಟ್ರೇಡ್ ಲೈಸೆನ್ಸ್‌ಗೆ ಓಡಾಟ, ಬೋರ್ಡ್ ಹಾಕಲು ಅನುಮತಿ, ಹೋದ ಕಡೆಯೆಲ್ಲಾ "ನಾಳೆ ಬನ್ನಿ". ಅವನೂ ನನ್ನಷ್ಟೇ ಬೈಯುತ್ತಿದ್ದ. ಸರ್ಕಾರ ಜನರ ದಾರಿಗೆ ಅಡ್ಡ ಬರಬಾರದು ಅನ್ನೋದರಲ್ಲಿ ನಮ್ಮಿಬ್ಬರದ್ದೂ ಒಂದೇ ಮಾತು.

ಅವನ ಊರು ಕಾರ್ಕಳದ ಕಡೆ. ಅವರ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಹೋಗಿದ್ದೆ. ಊಟ ಆದ ಮೇಲೆ ಚಪ್ಪರದಡಿ ಕೂತಾಗ ಮಾತು ಗೇಣಿಗೆ ಉಳುವವನಿಗೇ ಜಾಗ ಕೊಟ್ಟ ಭೂಸುಧಾರಣೆ ಕಾನೂನಿನ ಕಡೆ ತಿರುಗಿತು. ನಮ್ಮದು ಗೇಣಿ ಪಡೆಯುತ್ತಿದ್ದ ಮನೆ. "ಡಿಕ್ಲರೇಶನ್‌ನಲ್ಲಿ (ಗೇಣಿದಾರರು ಜಾಗ ಕೇಳಿ ಹಾಕಿದ ಅರ್ಜಿಯಲ್ಲಿ) ಗದ್ದೆಯೆಲ್ಲಾ ಹೋಯ್ತು" ಅನ್ನೋ ಅಜ್ಜಿಯ ಮಾತು ಕೇಳಿಯೇ ಬೆಳೆದವನು ನಾನು. ಸುಮ್ನಿರದೆ ಹೇಳಿಬಿಟ್ಟೆ: "ಒಬ್ಬರ ಜಾಗ ಕಿತ್ತು ಇನ್ನೊಬ್ಬರಿಗೆ ಕೊಡೋದು ಕಳ್ಳತನ. ಸರ್ಕಾರ ಮಾಡಿದರೂ ಕಳ್ಳತನವೇ."

ಆ ಹೊಸ ಮನೆ ಎದ್ದಿದ್ದು ಅದೇ ಕಾನೂನಿನಲ್ಲಿ ಸಿಕ್ಕಿದ ಜಾಗದಲ್ಲಿ. ಗೆಳೆಯನ ಅಪ್ಪ ಸಿಟ್ಟಾಗಲಿಲ್ಲ. ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಒಂದು ಕಾಗದ ತಂದರು. ಜಾಗ ಕೇಳಿ ಅವರ ತಂದೆ ಭೂನ್ಯಾಯ ಮಂಡಳಿಗೆ ಕೊಟ್ಟಿದ್ದ ಏಳನೇ ನಂಬರ್ ಫಾರ್ಮಿನ ಪ್ರತಿ. ಮಡಿಕೆಯಲ್ಲಿ ಹರಿದ ಕಡೆ ಟೇಪ್ ಹಚ್ಚಿದ್ದರು. ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು. "ಬೆಳೆ ಹಾಳಾದ ವರ್ಷವೂ ಅಕ್ಕಿಮುಡಿ ಕಟ್ಟಿ ಧಣಿ ಮನೆಗೆ ಹೊತ್ತಿದ್ದೇವೆ ಮಗಾ. ಅದಕ್ಕೆ ನಿನ್ನ ಪುಸ್ತಕದಲ್ಲಿ ಏನಂತಾರೆ?" ಅಂತ ತುಳುವಿನಲ್ಲಿ ಕೇಳಿದರು. ನನಗೆ ಬಾಯಿ ಬರಲಿಲ್ಲ. ಆಮೇಲೆ ಸ್ವಲ್ಪ ದಿನಕ್ಕೆ ಗೆಳೆಯ ತನ್ನ ಪಾಲಿನ ದುಡ್ಡು ವಾಪಸ್ ಕೇಳಿದ. ಒಬ್ಬನಿಂದ ಸಂಭಾಳಿಸಲು ಆಗದೆ ಮೆಷಿನ್ ಮಾರಿ ಬಾಗಿಲು ಹಾಕಿದೆ.

ತಪ್ಪು ಎಲ್ಲಾಯ್ತು ಅಂತ ಬಿಡಿಸಿ ಹೇಳುತ್ತೇನೆ. ಈ ಕತೆ ಕೇಳಿದವರೆಲ್ಲಾ "ಉಂಡ ಮನೆಯಲ್ಲಿ ಹಾಗನ್ನಬಾರದಿತ್ತು" ಅಂತಾರೆ. ಬೇರೆ ಎಲ್ಲಿ ಅಂದಿದ್ದರೂ ಅದು ತಪ್ಪೇ. ನಾನು ಆಸ್ತಿಹಕ್ಕಿನ ಕತೆಯನ್ನು ನಮ್ಮ ಮನೆಯ ಪಟ್ಟಾದಿಂದ ಶುರು ಮಾಡಿದ್ದೆ. ಆ ಪಟ್ಟಾ ಎಲ್ಲಿಂದ ಬಂತು? ಅದೂ ಸರ್ಕಾರದ ಕಾಗದವೇ ಅಲ್ವಾ! 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷರು ಕೆನರಾಕ್ಕೆ, ಅಂದರೆ ನಮ್ಮ ಕರಾವಳಿಗೆ, ಥಾಮಸ್ ಮನ್ರೋನನ್ನು ಕಲೆಕ್ಟರ್ ಮಾಡಿ ಕಳಿಸಿದರು. ಕಂದಾಯದ ಲೆಕ್ಕಕ್ಕೆ ಹೆಸರು ಬೇಕಿತ್ತು, ಕಂದಾಯ ಕಟ್ಟುವವರ ಹೆಸರು ಏರಿತು. ಧಣಿಯ ಕೈಕೆಳಗೆ ಚಾಲಗೇಣಿಗೆ (ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿಗೆ) ಉಳುತ್ತಿದ್ದವನ ಹೆಸರು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ನಾವು ತಲೆಮೇಲೆ ಹೊತ್ತುಕೊಳ್ಳುವ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಏನು ಹೇಳಿದ? ನೆಲಕ್ಕೆ ದುಡಿಮೆ ಹಾಕಿದವನಿಗೆ ಅದರ ಹಕ್ಕು ಅಂತ. ಆ ಲೆಕ್ಕದಲ್ಲಿ ಗದ್ದೆ ಯಾರದ್ದು? ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ ಇನ್ನೂ ನೇರ: ಆಸ್ತಿ ಅನ್ಯಾಯದ ದಾರಿಯಲ್ಲಿ ಕೈಗೆ ಬಂದಿದ್ದರೆ ಅದನ್ನು ಸರಿಪಡಿಸಬೇಕು ಅನ್ನೋದು ಅವನ ಸಿದ್ಧಾಂತದ ಒಂದು ಭಾಗವೇ. ಅವನ ಪುಸ್ತಕ ಬಂದಿದ್ದು 1974ರಲ್ಲಿ. ಭೂಸುಧಾರಣೆ ಕಾಯ್ದೆಗೆ ದೇವರಾಜ ಅರಸರ ತಿದ್ದುಪಡಿ ಜಾರಿಗೆ ಬಂದಿದ್ದೂ 1974ರ ಮಾರ್ಚ್ 1ರಂದು. ನೋಜಿಕ್‌ನ ಆ ಪುಸ್ತಕವನ್ನು ನಾನು ಓದಿದ್ದೆ. ನಮ್ಮ ಮನೆಗೆ ಅನುಕೂಲವಾದ ಪುಟಗಳನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ.

ಹಾಗಂತ ಆ ಕಾಯ್ದೆಯಲ್ಲಿ ಎಲ್ಲವೂ ಸರಿ ಅಂತ ಈಗಲೂ ಹೇಳಲಾರೆ. ಹೊಸದಾಗಿ ಗೇಣಿಗೆ ಕೊಡುವುದನ್ನೇ ಅದು ಹೆಚ್ಚುಕಡಿಮೆ ನಿಲ್ಲಿಸಿತು. ಉಡುಪಿ ಕಡೆ ಬೇಸಾಯ ಇಲ್ಲದೆ ಹಡಿಲು ಬಿದ್ದ ಗದ್ದೆ ನೋಡಿದ್ದೀರಲ್ಲ. ಆಳು ಸಿಗದ್ದು ಒಂದು ಕಾರಣ. ಬೇರೆಯವರಿಗೆ ಉಳಲು ಕೊಟ್ಟರೆ ಜಾಗ ಹೋದೀತು ಅನ್ನೋ ಹೆದರಿಕೆ ಇನ್ನೊಂದು.

ಈಗ ನಿಮ್ಮ ಪ್ರಶ್ನೆ. ಅಪವಾದ ನ್ಯಾಯವೋ ಅಲ್ಲವೋ ಅಂತ ತೂಗುತ್ತಾ ಕೂರುವುದೇ ನನಗೆ ಹಿಡಿಸಲಿಲ್ಲ. ಪುಸ್ತಕದ ಮಟ್ಟಿಗೆ ಬಹಳಷ್ಟು ಅಪವಾದ ಸುಳ್ಳು. ಬಡವರನ್ನು ಕಂಡರಾಗದು ಅನ್ನುತ್ತಾರೆ. ಎಲ್ಲರಿಗೂ ಊಟ, ಬಟ್ಟೆ, ಸೂರಿನ ಕನಿಷ್ಠ ಭದ್ರತೆ ಇರಲಿ ಅಂತ ಹಯೆಕ್ 1944ರಲ್ಲೇ ಬರೆದಿದ್ದ. ಆದಾಯ ಕಮ್ಮಿ ಇದ್ದವರಿಗೆ ತೆರಿಗೆ ಇಲಾಖೆಯೇ ದುಡ್ಡು ಕೊಡಲಿ ಅಂತ ಫ್ರೀಡ್ಮನ್ 1962ರಲ್ಲಿ ಬರೆದ. ಅಮೆರಿಕದಿಂದ ಬಂದ ಸರಕು ಅನ್ನುತ್ತಾರೆ. ಆದರೆ ನಮ್ಮ ರಾಜಾಜಿಯೇ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ, ಎಲ್ಲದಕ್ಕೂ ಸರ್ಕಾರದ ಪರವಾನಗಿ ಬೇಕೆನ್ನುವ ಲೈಸೆನ್ಸ್ ರಾಜ್ ವಿರುದ್ಧ ನಿಂತರು. 1967ರಲ್ಲಿ ಆ ಪಕ್ಷದಿಂದ ಲೋಕಸಭೆಗೆ ಗೆದ್ದ 44 ಜನರಲ್ಲಿ ನಿಮ್ಮ ಉಡುಪಿಯ ಜೆ. ಎಂ. ಲೋಬೋ ಪ್ರಭು ಕೂಡ ಒಬ್ಬರು. ರೂಮ್‌ಮೇಟ್‌ಗಳಿಗೆ ಇಷ್ಟು ಹೇಳಿದರೆ ವಾದ ಗೆಲ್ಲಬಹುದು.

ಆದರೆ ಜನ ನಮಗೆ ಹೆಸರಿಡುವುದು ನಮ್ಮ ನಡತೆ ನೋಡಿ. ಎಂಎಸ್‌ಇಝಡ್‌ಗೆ (ಮಂಗಳೂರು ವಿಶೇಷ ಆರ್ಥಿಕ ವಲಯಕ್ಕೆ) ಪೆರ್ಮುದೆ, ಕುತ್ತೆತ್ತೂರು ಕಡೆ ಜಾಗ ತೆಗೆದುಕೊಂಡಾಗ ಬೀದಿಗೆ ಇಳಿದವರು ರೈತರು, ಕುಡುಬಿ ಸಮುದಾಯದ ಜನ, ಅವರ ಜೊತೆ ನಿಂತ ಹೋರಾಟಗಾರರು. ಸರ್ಕಾರ ಬಲವಂತದಿಂದ ಒಬ್ಬರ ಆಸ್ತಿ ಕಿತ್ತು ಕಂಪನಿಗಳಿಗೆ ಕೊಡೋದು ಅಂದರೆ ನಾವೇ ಮೊದಲು ಕೂಗಬೇಕಾದ ವಿಷಯ. ನಮ್ಮ ಓದುವ ಗುಂಪಿನಿಂದ ಒಬ್ಬನೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಕಂಪನಿಯವರ ಪರ ಅಂತ ಅವರು ಅಂದರೆ ಯಾವ ಬಾಯಲ್ಲಿ ಬೇಡ ಅನ್ನಲಿ? ಅಡಿಕೆಯದ್ದೂ ಹಾಗೇ. 2023ರಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು, ಅಂದರೆ ಹೊರಗಿನ ಅಗ್ಗದ ಅಡಿಕೆಗೆ ತಡೆ ಹಾಕಿತು. ಮುಕ್ತ ಮಾರುಕಟ್ಟೆ ಅಂತ ನನ್ನೆದುರು ಗಂಟೆಗಟ್ಟಲೆ ಮಾತಾಡುವ ತೋಟದವರು ಅವತ್ತು ತುಟಿ ಬಿಚ್ಚಲಿಲ್ಲ. ತಮಗೆ ಬೇಕಾದಾಗ ಮಾತ್ರ ಸ್ವಾತಂತ್ರ್ಯ ಅನ್ನೋ ಅಪವಾದ ನಮ್ಮೂರಿನ ಮಟ್ಟಿಗೆ ನೂರಕ್ಕೆ ನೂರು ನಿಜ ಅನ್ನೋದು ನನ್ನ ಅಭಿಪ್ರಾಯ.

ನೀವು ಮಾಡಬೇಕಾದದ್ದು ಬೇರೆ. ಮೊದಲು ನಿಮ್ಮ ಮನೆಯ ಜಾಗ ಹೇಗೆ ಬಂತು ಅಂತ ಹಿರಿಯರ ಹತ್ತಿರ ಕೇಳಿ, ಪಹಣಿ ತೆಗೆಸಿ ನೋಡಿ. ಆಮೇಲೆ ನಿಮ್ಮ ಹಾಸ್ಟೆಲ್ ಎದುರು ಚರುಮುರಿ, ಆಮ್ಲೆಟ್ ಮಾರುವವರ ಹತ್ತಿರ ಹೋಗಿ ಮಾತಾಡಿ. ಲೈಸೆನ್ಸ್ ರಾಜ್ ಅಂದರೆ ಏನು ಅಂತ ಅವರಿಗೆ ಗೊತ್ತಿದ್ದಷ್ಟು ನಮಗೆ ಗೊತ್ತಿಲ್ಲ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆ ಓದಿಕೊಂಡು ಹೋಗಿ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೆ ಎಬ್ಬಿಸಬೇಕಾದರೂ 30 ದಿನ ಮೊದಲೇ ನೋಟಿಸ್ ಕೊಡಬೇಕು. ಸಾಮಾನು ಎತ್ತಿಕೊಂಡು ಹೋದರೆ ಅದರ ಪಟ್ಟಿ ಕೊಡಬೇಕು. ಶುಲ್ಕ ಕಟ್ಟಿ ಕೇಳಿದರೆ ಹಾಳಾಗುವ ಪದಾರ್ಥವನ್ನು ಅವತ್ತೇ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ವಾಪಸ್ ಕೊಡಬೇಕು. ನನಗೆ ಗೊತ್ತಿರುವ ವ್ಯಾಪಾರಿಗಳಲ್ಲಿ ಹೆಚ್ಚಿನವರಿಗೆ ಆ ಪಟ್ಟಿ ಕೇಳಬಹುದು ಅನ್ನೋದೇ ಗೊತ್ತಿರಲಿಲ್ಲ. ಈ ನಿಯಮಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ಒಬ್ಬೊಬ್ಬರಿಗೂ ಕೊಡಿ.